ಸತ್ತವನ ಹೆಸರಿನ ಖಾತೆ

"ಆ ಕ್ವಾಣೆ ಸತ್ತೋನ ಹೆಸ್ರಾಗೇ ಇರ್ಲಿ ಸಾಮಿ. ಸತ್ತೋನಿಗೆ ಮಾಟ ತಟ್ಟಕಿಲ್ಲ."

ಪುಟ್ಟಲಿಂಗಯ್ಯ ಇಷ್ಟು ಹೇಳಿ ತಲೆ ತಗ್ಗಿಸಿದ. ಬಿಡದಿಯ ಆ ಅಪಾರ್ಟ್‌ಮೆಂಟಿನ ಸಂಘದ ಸಭೆ ಭಾನುವಾರ ಬೆಳಿಗ್ಗೆ ನೆಲಮಾಳಿಗೆಯಲ್ಲಿ ಸೇರಿತ್ತು. ಇಪ್ಪತ್ತನಾಲ್ಕು ಮನೆಯವರಲ್ಲಿ ನಕ್ಕವನು ಅನಂತರಾಜು ಒಬ್ಬನೇ.

ಸಹಕಾರ ಇಲಾಖೆಯಿಂದ ನಿವೃತ್ತನಾಗಿ ಅವನು ಇಲ್ಲಿಗೆ ಬಂದು ನಾಲ್ಕು ತಿಂಗಳಾಗಿತ್ತು. ಬೈಲಾ ಅವನಿಗೆ ಬಾಯಿಪಾಠ. ಮನೆ ಹೆಂಡತಿ ಲತಾಮಣಿಯ ಹೆಸರಿನಲ್ಲಿತ್ತು. ಮಾಲೀಕರಲ್ಲದವರು ಪದಾಧಿಕಾರಿಯಾಗುವಂತಿಲ್ಲವಾದ್ದರಿಂದ ಕಾಗದದ ಮೇಲೆ ಅವಳೇ ಕಾರ್ಯದರ್ಶಿ. "ಪುಸ್ತಕದಲ್ಲಿ ಮೇಡಂ, ಮೈಕಿನಲ್ಲಿ ಸಾರ್" ಎಂದು ಎದುರುಮನೆಯ ಟೀಚರ್ ಕೆಹಕಶಾನ್ ತಮಾಷೆ ಮಾಡುತ್ತಿದ್ದಳು.

ಪುಟ್ಟಲಿಂಗಯ್ಯನದು ಕುರಿ ಸಾಕುತ್ತಿದ್ದ ಮನೆತನ. ಅವನ ಜಮೀನಿನಲ್ಲೇ ಕಟ್ಟಡ ಎದ್ದಿತ್ತು; ಅದಕ್ಕೆ ಪ್ರತಿಯಾಗಿ ಅವನಿಗೊಂದು ಮನೆ ಸಿಕ್ಕಿತ್ತು. ಕಾಂಪೌಂಡಿನ ಮೂಲೆಯಲ್ಲಿ ಉಣ್ಣೆ ತುಂಬಿಡುತ್ತಿದ್ದ ಹಳೆಯ ಕಲ್ಲುಕೋಣೆಯೊಂದು ಉಳಿದಿತ್ತು. ಅದರ ಖಾತೆ ಇನ್ನೂ ಅವನ ತೀರಿಹೋದ ತಮ್ಮ ಬೀರಯ್ಯನ ಹೆಸರಿನಲ್ಲಿತ್ತು. ಅದನ್ನು ಸಂಘಕ್ಕೆ ಪಡೆಯಬೇಕೆಂಬುದು ಅನಂತರಾಜುವಿನ ಹಟ.

ಮುದುಕ ಕತೆಯನ್ನೂ ಹೇಳಿದ್ದ. ಪಾಲಿನಲ್ಲಿ ಮೋಸವಾಯಿತೆಂದು ಬೀರಯ್ಯ ಹೊರಗಿನ ಮಾಟಗಾರನೊಬ್ಬನನ್ನು ಕರೆತಂದು ಆ ಕೋಣೆಯಲ್ಲಿ ಮಂತ್ರದ ತಗಡು ಹುಗಿಸಿದನಂತೆ. ಕಾಗದದಲ್ಲಿ ಯಾರ ಹೆಸರು ಬರುವುದೋ ಅವರ ಮಾತು ಮೊದಲು ಹೋಗಬೇಕು, ಒಂದು ತಿಂಗಳಿಗೆ ಉಸಿರು. ಪಂಚಾಯಿತಿಯವರು ರಾಜಿ ಮಾಡಿ ಆ ಮೂಲೆಯನ್ನು ಬೀರಯ್ಯನಿಗೇ ಬರೆದುಬಿಟ್ಟರು. ತಿಂಗಳು ತುಂಬುವಷ್ಟರಲ್ಲಿ ಅವನೇ ಹೋದ.

ಮುದುಕನಿಗೆ ಕೋಣೆಯ ಮೇಲೆ ಆಸೆ, ಅದಕ್ಕೇ ಈ ಕಟ್ಟುಕತೆ ಎಂದು ಅನಂತರಾಜು ನಂಬಿದ. ವಾರಸುದಾರ ಅವನೊಬ್ಬನೇ, ಅವನು ಹಕ್ಕು ಬಿಟ್ಟುಕೊಟ್ಟರೆ ಸಾಕಿತ್ತು. ಒಪ್ಪದಿದ್ದಾಗ ಅನಂತರಾಜು ಅವನ ಮನೆಯ ನೀರಿನ ವಾಲ್ವ್ ಮುಚ್ಚಿಸಿದ. ಅದು ಕಾನೂನಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೂರು ದಿನ ಮುದುಕನ ಹೆಂಡತಿ ಅಂಬಮ್ಮ ರಸ್ತೆಯಾಚೆಯಿಂದ ಬಿಂದಿಗೆ ಹೊತ್ತಳು. ನಾಲ್ಕನೆಯ ದಿನ ಪುಟ್ಟಲಿಂಗಯ್ಯ ಹೆಬ್ಬೆಟ್ಟು ಒತ್ತಿದ.

ಸಂಘ ಇನ್ನೂ ನೋಂದಣಿಯಾಗಿರಲಿಲ್ಲ. ಅಲ್ಲಿಯವರೆಗೆ ಖಾತೆ ಯಾರಾದರೊಬ್ಬರ ಹೆಸರಿನಲ್ಲಿ ಇರಬೇಕಿತ್ತು. ಅಧ್ಯಕ್ಷರಿಗೆ ಕೆಲಸದ ಒತ್ತಡ, ಖಜಾಂಚಿಗೆ ಬೆನ್ನುನೋವು, ಒಬ್ಬರಿಗೂ ಪುರುಸೊತ್ತಿಲ್ಲ. ಠರಾವಿಗೆ ಮಾತ್ರ ಎಲ್ಲರೂ ಓದದೆ ಸಹಿ ಹಾಕಿದರು. ಬಿಲ್ಡರ್ ಕಡೆಯ ಲೋಕೇಶ್, ಒಂದು ಚಿಕ್ಕ ಕಾಗದಕ್ಕೂ ಅಲೆಸುತ್ತಿದ್ದವನು, ಬೀಗದಕೈಯನ್ನು ತಾನೇ ತಂದು ಮೇಜಿನ ಮೇಲಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೋದ. ಇವರೆಲ್ಲ ಸೇರಿ ಏನೋ ಮುಚ್ಚಿಡುತ್ತಿದ್ದಾರೆ ಎಂದು ಅನಂತರಾಜುವಿಗೆ ಅನ್ನಿಸಿತು. ಏನೆಂದು ಹೊಳೆಯಲಿಲ್ಲ. ಕಾರ್ಯದರ್ಶಿಯೆಂದು ಖಾತೆ ಲತಾಮಣಿಯ ಹೆಸರಿಗೆ ಬಂತು.

ಖಾತೆಯ ಪ್ರತಿ ಕೈಗೆ ಬಂದ ದಿನ ಸಂಜೆ ಐದಕ್ಕೆ ಅವನು ಬೀಗ ತೆಗೆದ. ಹೊರಗೆ ಬಿಸಿಲಿತ್ತು, ಅದು ಹೊಸ್ತಿಲಿನಲ್ಲೇ ನಿಂತಿತು. ಒಳಗೆ ಕರಿಕಂಬಳಿ ಹೊದೆಸಿದಂಥ ಕತ್ತಲೆ. ಮುಗ್ಗಲು ಉಣ್ಣೆಯ ವಾಸನೆ, ಕುರಿಗಂಜಲದ ವಾಸನೆ, ಅವುಗಳ ಅಡಿಯಲ್ಲಿ ಕೂದಲು ಸುಟ್ಟ ವಾಸನೆ. ಇಷ್ಟು ವರ್ಷ ಮುಚ್ಚಿದ್ದ ಕೋಣೆಯಲ್ಲಿ ಅದು ಈಗ ಸುಟ್ಟಂತಿತ್ತು. ಮೂಲೆಯಲ್ಲಿ ಯಾರೋ ಮಾತು ಹೊರಡಿಸಲು ಒದ್ದಾಡುತ್ತಿದ್ದರು. ಗಂಟಲೊಳಗೆ ಗಾಳಿ ತಿರುಗುವ ಸದ್ದು.

"ಲೋಕೇಶ್, ಈ ಆಟ ನನ್ನ ಹತ್ರ ಬೇಡ" ಎಂದ ಅನಂತರಾಜು. ಟಾರ್ಚಿನ ಬೆಳಕು ಬಿಟ್ಟ. ಬರಿಯ ಗೋಡೆ. ಸದ್ದು ನಿಂತಿತು.

ಮೇಲೆ ಹೋದಾಗ ಲತಾಮಣಿ ದೇವರ ದೀಪದ ಮುಂದೆ ಕುಳಿತಿದ್ದಳು. ಪ್ರತಿ ಸಂಜೆ ಹೇಳುವ ಹಾಡನ್ನು ಶುರುಮಾಡಿದ್ದಳು. ಎರಡನೆಯ ಸಾಲಿನಲ್ಲಿ ಸ್ವರ ಕಡಿಯಿತು. ಬಾಯಿ ತೆರೆದೇ ಇತ್ತು. ಅವಳು ಕತ್ತು ಹಿಡಿದುಕೊಂಡು ಗಂಡನತ್ತ ತಿರುಗಿದಳು. ಗಂಟಲೊಳಗೆ ಗಾಳಿ ತಿರುಗುವ ಸದ್ದು. ಅದೇ ಸದ್ದು.

ಡಾಕ್ಟರು ನೋಡಿ ಗಂಟಲು ಸರಿಯಾಗಿದೆ ಎಂದರು. ಯಾರೋ ಏನೋ ಊಟಕ್ಕೆ ಬೆರೆಸಿದ್ದಾರೆಂದು ಅನಂತರಾಜು ಅಕ್ಕಪಕ್ಕದವರನ್ನೆಲ್ಲ ಅನುಮಾನಿಸಿದ. ಕೆಹಕಶಾನ್ ಕಳಿಸಿದ ಪಾಯಸವನ್ನು ಚೆಲ್ಲಿದ. ಕಡೆಗೆ ಕೋಣೆಯ ನೆಲವನ್ನು ಎದೆಮಟ್ಟ ಅಗೆಸಿದ. ಬರಿಯ ಮಣ್ಣು. ಇಪ್ಪತ್ತನೆಯ ದಿನ ಅವಳ ಉಸಿರು ಗೊರಗುಟ್ಟತೊಡಗಿತು.

ಖಾತೆಯನ್ನು ಮತ್ತೆ ಬೀರಯ್ಯನ ಹೆಸರಿಗೆ ಮಾಡಿಕೊಡಿ ಎಂದು ಬೇಡಿದರೆ ಖಾತೆ ಕಚೇರಿಯ ಗುಮಾಸ್ತ ಮುಖ ನೋಡಿದ. ಸತ್ತವರ ಹೆಸರಿಗೆ ಬರೆಯಲು ಯಾವ ಕಾನೂನೂ ಇರಲಿಲ್ಲ.

ಅವನು ಪುಟ್ಟಲಿಂಗಯ್ಯನ ಬಾಗಿಲು ತಟ್ಟಿದ. ಅಂಬಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಕೂಸಿನಂಗೆ ಅತ್ತವ್ನೆ ನನ್ ಗಂಡ, ಹೆಬ್ಬೆಟ್ಟು ಒತ್ತಿದ್ ದಿನ. ಈಗ ಆ ಗಂಡನ ಹೆಸ್ರಿಗೇ ಕ್ವಾಣೆ ಬರೀತೀನಿ ಅನ್ನಕೆ ಬಂದ್ರಾ ಸಾಮಿ?"

ಇಲ್ಲ ಎನ್ನಲು ಬಾಯಿ ತೆರೆದ. ಬಂದದ್ದು ಅದಕ್ಕೇ ಎಂದು ಅವನಿಗೆ ಆಗ ತಿಳಿಯಿತು. ಊರೆಲ್ಲರನ್ನೂ ಅನುಮಾನಿಸಿದ್ದವನು ಅಲ್ಲಿ ನಿಂತು ತನ್ನನ್ನು ಕಂಡ. ಒಳಗಿನಿಂದ ಮುದುಕನ ಕೆಮ್ಮು ಕೇಳಿತು.

"ಬಂದದ್ದು ತಪ್ಪಾಯ್ತಮ್ಮ" ಎಂದು ಹಿಂದಿರುಗಿದ.

ಇಪ್ಪತ್ತೆಂಟನೆಯ ದಿನ ರಾಮನಗರದಲ್ಲಿ ಕೋಣೆಯ ದಾನಪತ್ರ ಬರೆಸಿದ. ಯಾರ ಹೆಸರಿಗೆ ಎಂದು ಲತಾಮಣಿಗೆ ಹೇಳಿರಲಿಲ್ಲ. ಸಂಘದ ಕಾಗದ ಎಂದಷ್ಟೇ ಅಂದಿದ್ದ. ಅವಳಿಗೆ ಓದುವಷ್ಟು ತ್ರಾಣ ಉಳಿದಿರಲಿಲ್ಲ. ನೋಂದಣಿ ಕಚೇರಿಯ ಫ್ಯಾನಿನ ಕೆಳಗೆ ಅವಳ ತುಟಿ ನೀಲಿಗಟ್ಟಿತ್ತು. ಎಳೆದ ಒಂದೊಂದು ಉಸಿರೂ ಹಿಂದಿನದಕ್ಕಿಂತ ಮೋಟು.

ಸ್ವಇಚ್ಛೆಯಿಂದ ಕೊಡುತ್ತಿದ್ದೀರಾ ಎಂದು ಅಧಿಕಾರಿ ಕೇಳಿದಳು. ಲತಾಮಣಿ ತಲೆಯಾಡಿಸಿದಳು. ಹೆಬ್ಬೆರಳು ಬೆರಳಚ್ಚಿನ ಯಂತ್ರದ ಮೇಲೆ ಬಿತ್ತು. ಅಧಿಕಾರಿ ಅನಂತರಾಜುವಿನ ಕಡೆ ತಿರುಗಿದಳು.

"ದಾನ ಪಡೆಯೋರು ನೀವಾ? ಒಪ್ಪಿಗೆ ಇದೆಯಾ?"

ಲತಾಮಣಿ ಬೆಚ್ಚಿ ಅವನ ತೋಳು ಹಿಡಿದಳು. ಎಳೆದಳು. ಅವನು ಮನೆದೇವರನ್ನು ನೆನೆದ.

"ಒಪ್ಪಿದ್ದೀನಿ" ಎಂದ.

ಬೆರಳೊತ್ತಿದ. ಸಹಿ ಹಾಕಿದ. ಮೊಹರು ಬಿತ್ತು. ಬಾಯೊಳಗೆ ಒಣ ಮಣ್ಣಿನ ರುಚಿ. ನಾಲಿಗೆ ಕಲ್ಲಾಯಿತು. ಪಕ್ಕದಲ್ಲಿ ಅವಳು ನೀರಿನಿಂದ ಮೇಲೆದ್ದವಳಂತೆ ಉದ್ದಕ್ಕೆ ಉಸಿರೆಳೆದಳು.

"ರೀ" ಎಂದಳು ಲತಾಮಣಿ. ಸ್ವರ ಒಡೆದಿತ್ತು, ಆದರೆ ಅವಳದೇ ಸ್ವರ. "ಏನ್ರೀ ಮಾಡ್ಕೊಂಡ್ರಿ? ಮಾತಾಡಿ."

ಅವನ ಗಂಟಲೊಳಗೆ ಗಾಳಿ ತಿರುಗುವ ಸದ್ದಷ್ಟೇ ಬಂತು. ಅವಳು ಕೌಂಟರಿನ ಮೇಲೆ ಹೋಗಿ ಬಿದ್ದಳು. ಆ ಕಾಗದ ಹರಿದುಹಾಕಿ, ಅದು ನನ್ನದು, ನನ್ನ ಹೆಸರಿಗೇ ಮತ್ತೆ ಬರೀರಿ ಎಂದು ಕೇಳಿಕೊಂಡಳು. ಯಂತ್ರದ ಮೇಲೆ ಇನ್ನೊಮ್ಮೆ ಹೆಬ್ಬೆರಳು ಇಡಲು ಹೋದಳು. ಅನಂತರಾಜು ಹಿಂದಿನಿಂದ ಬಂದು ಆ ಬೆರಳನ್ನು ತನ್ನ ಮುಷ್ಟಿಯೊಳಗೆ ಮುಚ್ಚಿ ಹಿಡಿದ. ಅವಳು ಅತ್ತರೂ, ಉಗುರಿನಿಂದ ಕೈ ಕೆರೆದರೂ ಸಡಿಲಿಸಲಿಲ್ಲ.