ಅಕ್ಕ ಎಂದು ಬರೆದ ಪತ್ರ

"ನಿಜ ಹೇಳು. ಎದುರು ಪಕ್ಷಕ್ಕೆ ಕೊಡೋ ಮುಂಚೆ ಈ ಪತ್ರ ನೀನು ಓದಿದ್ಯಾ?"

ಹಿರಿಯ ವಕೀಲೆ ಕೇಳಿದ್ದು ತನ್ನ ಆಫೀಸಿನ ಕಿರಿಯ ವಕೀಲೆಯನ್ನು. ಅವಳ ಕಣ್ಣು ಹೋಗಿದ್ದು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದವನ ಕಡೆಗೆ. ಅದೇ ಆಫೀಸಿನ ವಕೀಲ. ಮುಂದಿನ ತಿಂಗಳು ಅವಳನ್ನು ಮದುವೆಯಾಗಬೇಕಿದ್ದವನು.

ಎದುರು ಪಕ್ಷಕ್ಕೆ ಕೊಡಬೇಕಾದ ಕಾಗದಗಳನ್ನು ಆ ಆಫೀಸಿನಲ್ಲಿ ಮೊದಲು ಎಐ ಜಾಲಾಡುತ್ತಿತ್ತು. ಕೊಡುವುದು ಯಾವುದು, ಕಕ್ಷಿದಾರರು ತಮ್ಮ ವಕೀಲರಿಗೆ ಬರೆದ ಪತ್ರಗಳಂತೆ ಗುಟ್ಟಾಗಿ ಇಡುವುದು ಯಾವುದು ಎಂದು ಬೇರೆ ಮಾಡುತ್ತಿತ್ತು. ಆಮೇಲೆ ಒಬ್ಬರು ಪ್ರತಿಯೊಂದನ್ನೂ ಓದಿ ತಮ್ಮ ಹೆಸರಿನಲ್ಲಿ ಟಿಕ್ ಹಾಕಲೇಬೇಕು.

ಈ ಪತ್ರಕ್ಕೆ ಅವಳ ಹೆಸರಿನ ಟಿಕ್ ಬಿದ್ದಿತ್ತು. ಅವತ್ತು ಅವಳು ಅಮ್ಮನ ಆಪರೇಷನ್‌ಗೆಂದು ಆಸ್ಪತ್ರೆಯಲ್ಲಿದ್ದಳು...

"ಪಾಸ್‌ವರ್ಡ್ ಕೊಡು, ನಿನ್ನ ಪಾಲಿಂದೂ ನಾನೇ ಓದ್ತೀನಿ" ಎಂದಿದ್ದ. ಎಂಥ ಗಂಡ ಸಿಗುತ್ತಿದ್ದಾನೆ ಎಂದು ಅವಳು ಹಿಗ್ಗಿ ಹೀರೇಕಾಯಿಯಾಗಿದ್ದಳು.

ಅವನು ಓದಿರಲೇ ಇಲ್ಲ. ಎಐ ಹೇಳಿದ್ದಕ್ಕೆಲ್ಲ ಕಣ್ಮುಚ್ಚಿ ಟಿಕ್ ಒತ್ತಿದ್ದ.

ಮಗುವನ್ನು ತನ್ನ ಬಳಿಯೇ ಉಳಿಸಿಕೊಳ್ಳಲು ಕೋರ್ಟಿಗೆ ಅಲೆಯುತ್ತಿದ್ದ ತಾಯಿ ತನ್ನ ವಕೀಲೆಗೆ ಬರೆದ ಪತ್ರ ಅದು. 'ಅಕ್ಕಾ, ಒಮ್ಮೊಮ್ಮೆ ಸಿಟ್ಟಲ್ಲಿ ಮಗೂಗೆ ಹೊಡೆದುಬಿಡ್ತೀನೇನೋ ಅಂತ ಭಯ ಆಗುತ್ತೆ.' ಅಕ್ಕ ಎಂದಿದ್ದನ್ನು ನೋಡಿ ಎಐ ಅದನ್ನು ಒಡಹುಟ್ಟಿದವರ ಮಾತೆಂದುಕೊಂಡು ಕೊಡುವ ಕಾಗದಗಳಿಗೆ ಸೇರಿಸಿತು.

ಆ ಅಕ್ಕ ಇವಳೇ! ಒಂದು ಸಾಲು ಓದಿದ್ದರೆ ಅವನಿಗೂ ಗೊತ್ತಾಗುತ್ತಿತ್ತು. ತಂದೆಯ ವಕೀಲರು ಅದನ್ನೇ ಕೋರ್ಟಿನಲ್ಲಿ ಓದಿದರು; ಈಗ ಮಗು ತಂದೆಯ ಮನೆಯಲ್ಲಿದೆ.

"ಓದಿಲ್ಲ ಮೇಡಂ" ಎಂದಳು.

ಈಗಲಾದರೂ ಬಾಯಿ ಬಿಡಲಿ... ಒಂದು ಮಾತು ಹೇಳಲಿ...

ಅವನು ತುಟಿ ಪಿಟಕ್ ಎನ್ನಲಿಲ್ಲ. ಅವಳ ಕೆಲಸ ಹೋಯಿತು. ಅವನ ಫೋನನ್ನು ಅವಳು ಮತ್ತೆ ಎತ್ತಲಿಲ್ಲ.

ಕೆಲವು ದಿನಗಳ ನಂತರ ಅವನೇ ಬಾಗಿಲಿಗೆ ಬಂದ.

"ಮೇಡಂಗೆ ಎಲ್ಲಾ ಹೇಳ್ಬಿಟ್ಟೆ. ನನ್ನನ್ನೂ ತೆಗೆದ್ರು."

"ಶಹಬ್ಬಾಸ್. ಹಾರ ತರಿಸ್ಲಾ?"

"ನಿನ್ನ ಭಾರ ಕಡಿಮೆ ಮಾಡೋಣ ಅಂತ..."

"ನನಗೋಸ್ಕರ ಅನ್ಬೇಡ. ಅದೊಂದು ಕೇಳೋಕಾಗಲ್ಲ."

ಅವನ ಕಣ್ಣು ತುಂಬಿತು. ಇಷ್ಟಾದರೂ ಇವನನ್ನು ಬಿಟ್ಟಿರಲಾರೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಮಗು ಕಳ್ಕೊಂಡೋರಿಗೆ ಹೇಳಿದ್ಯಾ?"

"ಇಲ್ಲ... ಯಾವ ಮುಖ ಇಟ್ಕೊಂಡು ಹೋಗ್ಲಿ?"

ಅವಳು ಚಪ್ಪಲಿ ಮೆಟ್ಟಿಕೊಂಡಳು.

"ನಡಿ. ಪಾಸ್‌ವರ್ಡ್ ಕೊಟ್ಟೋಳು ನಾನೇ ತಾನೆ?"

"ಅವರು ನಮ್ಮನ್ನ ಕ್ಷಮಿಸಲ್ಲ ಕಣೇ."

"ನಾನೂ ನಿನ್ನ ಕ್ಷಮಿಸಿಲ್ಲ. ಆದ್ರೂ ಜೊತೆಗೇ ಬರ್ತಿದ್ದೀನಲ್ಲ."