ಮೂರನೆಯ ಸಲವೂ ಬೇಡ ಎಂದವನು

"ಬಟನ್ ಗಟ್ಟಿ. ಆಗಲ್ಲ," ಎಂದು ಸಿಡುಕಪ್ಪ ವಾಚನ್ನು ಮೇಜಿನ ಮೇಲಿಟ್ಟ.

ಆ ಹೆಸರು ಅವಳೇ ಇಟ್ಟದ್ದು. ರೇಸ್ ಕಾರು ಓಡಿಸುವುದನ್ನು ಬಿಟ್ಟ ಈ ಮನುಷ್ಯನನ್ನು ವಾಚ್ ಕಂಪನಿಯ ಮಾಲೀಕರು ಸಲಹೆಗಾರನಾಗಿ ಕರೆತಂದ ದಿನದಿಂದ ಅವಳ ಪಿತ್ತ ನೆತ್ತಿಗೇರಿಯೇ ಇತ್ತು. ರೇಸಿನವರು ಮೆಚ್ಚುವಂಥ ದುಬಾರಿ ವಾಚೊಂದನ್ನು ಅವಳು ಡಿಸೈನ್ ಮಾಡಬೇಕು, ಅವನು ಒಪ್ಪಬೇಕು. ಮೊದಲ ಸಲ ಅಂಚಿಗೆ ಕನ್ನಡಿಯಂಥ ಹೊಳಪು ಕೊಟ್ಟಿದ್ದಳು. "ಬಿಸಿಲಿಗೆ ಕಣ್ಣು ಕುಕ್ಕುತ್ತೆ. ತಿರುವಿನಲ್ಲಿ ನಮ್ಮನ್ನ ಸಾಯಿಸ್ತೀರಾ?" ಎಂದಿದ್ದ. ಎರಡನೆಯ ಸಲ, ಮುಳ್ಳುಗಳು ಸಣಕಲು, ಕಾರು ಅದುರುವಾಗ ಕಾಣುವುದಿಲ್ಲ ಎಂದಿದ್ದ. ಎರಡೂ ನಿಜವೇ. ಅದಕ್ಕೇ ಅವಳಿಗೆ ಹೆಚ್ಚು ಉರಿ.

"ಆ ಸಿಡುಕಪ್ಪನ ಮಾತು ಬಿಟ್ರೆ ಬೇರೆ ಮಾತೇ ಇಲ್ವೇನೇ ನಿಂಗೆ?" ಎಂದು ಅಕ್ಕ ಮನೆಯಲ್ಲಿ ರೇಗಿಸಿದಾಗ ಅರ್ಧ ಊಟಕ್ಕೇ ಎದ್ದುಹೋಗಿದ್ದಳು.

ಇವತ್ತು ಕೊನೆಯ ಅವಕಾಶ. ಸಂಜೆಯೊಳಗೆ ಅವನು ಹೂಂ ಎನ್ನದಿದ್ದರೆ ಈ ಕೆಲಸ ಬೇರೊಬ್ಬರ ಪಾಲು ಎಂದು ಮಾಲೀಕರು ಅವಳಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

"ಗಟ್ಟಿನಾ?"

"ಗ್ಲೌಸ್ ಹಾಕ್ಕೊಂಡ್ರೆ ಒತ್ತೋಕಾಗಲ್ಲ."

"ಕೊಡಿ ಇಲ್ಲಿ ಗ್ಲೌಸು."

"ನಿಮಗೆ ದೊಡ್ಡದಾಗುತ್ತೆ."

"ನಿಮ್ಮ ಬಾಯಿಗಿಂತ ದೊಡ್ಡದಾ?"

ಅವನ ಕಣ್ಣು ಒಂದು ಗಳಿಗೆ ಅವಳ ಮೇಲೆ ನಿಂತು, ಸಿಕ್ಕಿಬಿದ್ದಂತೆ ಕಿಟಕಿಯತ್ತ ಜಾರಿತು. ಅವನು ಕಳಚಿಕೊಟ್ಟ ಗ್ಲೌಸಿನೊಳಗೆ ಅವನ ಕೈಯ ಬಿಸಿ ಇನ್ನೂ ಇತ್ತು. ಆ ಬಿಸಿ ಅವಳಿಗೆ ಹಿತವಾಯಿತು. ಹಿತವಾದದ್ದಕ್ಕೆ ಮತ್ತಷ್ಟು ಸಿಟ್ಟು ಬಂತು.

ಒತ್ತಿದಳು. ಬಟನ್ ಬೆಣ್ಣೆಗೆ ಬೆರಳಿಟ್ಟಂತೆ ಇಳಿಯಿತು, ಕೆಂಪು ಮುಳ್ಳು ಓಡಿತು. ಮತ್ತೆ ಒತ್ತಿದಳು. ನಿಂತಿತು.

"ಸುಳ್ಳು ಯಾಕೆ ಹೇಳಿದ್ರಿ?"

ಅವನು ಮೊದಲ ಬಾರಿಗೆ ತಲೆ ತಗ್ಗಿಸಿದ. "ವಾಚು ತುಂಬ ಚೆನ್ನಾಗಿದೆ. ಹೂಂ ಅಂದ್ರೆ ನನ್ನ ಕೆಲಸ ಮುಗೀತು. ನಾಳೆಯಿಂದ ನಿಮ್ಮನ್ನ ನೋಡೋಕೆ ಯಾವ ನೆಪಾನೂ ಇರಲ್ಲ."

"ನಿಮ್ಮ ನೆಪಕ್ಕೆ ನನ್ನ ಹೊಟ್ಟೆ ಮೇಲೆ ಹೊಡೀತೀರಾ? ಇವತ್ತು ನೀವು ಒಪ್ಪದಿದ್ರೆ ಈ ವಾಚು ನನ್ನ ಕೈಬಿಟ್ಟು ಹೋಗುತ್ತೆ."

ಅವನ ಮುಖದ ಬಣ್ಣವೇ ಇಳಿದುಹೋಯಿತು. ಆ ಗಡುವು ಅವನಿಗೆ ಗೊತ್ತಿರಲಿಲ್ಲ. ವಾಚು ಎತ್ತಿಕೊಂಡು ಮಾಲೀಕರ ಕೋಣೆಗೆ ನಡೆದ. ಗಾಜಿನಾಚೆ ಮಾಲೀಕರು ವಾಚನ್ನು ತಿರುಗಿಸಿ ನೋಡಿ ತಲೆಯಾಡಿಸುವುದು ಅವಳಿಗೆ ಕಂಡಿತು.

"ಒಪ್ಪಿದೆ ಅಂತ ಹೇಳ್ದೆ," ಎಂದ ವಾಪಸು ಬಂದು. "ಸುಳ್ಳು ಹೇಳಿದ್ದೂ ಹೇಳ್ದೆ. ಯಾಕೆ ಅಂತಾನೂ."

"ಏನಂದ್ರು?"

"ನಕ್ಕರು."

"ನಾನು ನಗಲ್ಲ."

"ಗೊತ್ತು. ತಪ್ಪಾಯ್ತು." ಅವನು ಬ್ಯಾಗು ಹೆಗಲಿಗೇರಿಸಿ ಬಾಗಿಲತ್ತ ಹೊರಟ.

ವಾಚು ಅವಳದಾಗಿತ್ತು. ಖುಷಿಪಡಬೇಕಾದವಳಿಗೆ ಅಳು ಒತ್ತರಿಸಿ ಬಂತು. ಇವನು ಬಾರದ ದಿನಗಳನ್ನು ತಾನು ತಾಳಲಾರೆ ಎಂಬುದು ಅವಳಿಗೆ ಆ ಗಳಿಗೆಯಲ್ಲಿ ಸ್ಪಷ್ಟವಾಗಿತ್ತು, ಅದರ ಮೇಲೂ ಅವಳಿಗೆ ಕೋಪವೇ.

"ಎಲ್ಲಿಗೆ ಹೊರಟ್ರಿ?"

"ಕೆಲಸ ಮುಗೀತಲ್ಲ."

"ನಿಮ್ಮದು ಮುಗೀತು. ನಾನು ಬೈಯೋದು ಇನ್ನೂ ಶುರುವೇ ಆಗಿಲ್ಲ," ಎಂದು ಕುರ್ಚಿಯನ್ನು ಅವನತ್ತ ತಳ್ಳಿದಳು. "ಕೂತ್ಕೊಳ್ಳಿ. ನಾಳೆನೂ ಬನ್ನಿ."