ಕಾಣೆಯಾದ ಎರಡು ಹಾಳೆ

“ನನ್ನ ಮೊಮ್ಮಗಳು ಕಳ್ಳಿಯಂತೆ ಅಮ್ಮಾರೆ. ನಲವತ್ತು ಜನದ ಮುಂದೆ ಮೈಕಲ್ಲಿ ಅಂದವ್ರೆ.”

ಯಗಟಿಯಲ್ಲಿ ಕುರಿ ಮೇಯಿಸುವ ಹುಲಿಗೆಮ್ಮ ದಾಕ್ಷಾಯಣಮ್ಮನವರ ಜಗಲಿಯ ಮೇಲೆ ಕೂತಿದ್ದಳು. ತರೀಕೆರೆಯಲ್ಲಿ ಏನು ಕಳುವಾದರೂ ಜನ ಠಾಣೆಗಿಂತ ಮೊದಲು ಬರುತ್ತಿದ್ದುದು ಈ ನಿವೃತ್ತ ಮೇಡಮ್ಮನ ಹತ್ತಿರ. ನಾನು, ಶಿವಕುಮಾರ, ಅವರ ಕಾರು ಓಡಿಸುತ್ತಿದ್ದೆ.

ಅಂದು ಸಂಜೆ ಐದಕ್ಕೆ ಕಾಲೇಜಿನಲ್ಲಿ ವೃಂದಗಾನವಿತ್ತು. ಹಕ್ಕಿ, ತೊರೆ, ವಸಂತದ ಮೇಲೆ ಯುರೋಪಿನವರು ಐನೂರು ವರ್ಷದ ಹಿಂದೆ ಕಟ್ಟಿದ ಹಾಡುಗಳು. ಜೊತೆಗೆ ಈ ಕಾಲದವು. ಹೊಸದರಲ್ಲಿ ಮುಖ್ಯವಾದದ್ದು ಗಾಯನದ ಮೇಷ್ಟ್ರು ರಾಜಶೇಖರ್ ರಚಿಸಿದ ‘ಹುಲ್ಲುಗಾವಲು’. ಅದರ ನಡುವೆ ಎಲ್ಲರೂ ಸುಮ್ಮನಾಗಿ, ಹುಲಿಗೆಮ್ಮನ ಮೊಮ್ಮಗಳು ಧನ್ಯಶ್ರೀ ಒಬ್ಬಳೇ ಹಾಡಬೇಕಿತ್ತು. ಬೆಳಿಗ್ಗೆ ನೋಡಿದರೆ ಮೂಲ ಪುಸ್ತಕದಲ್ಲಿ ಆ ಭಾಗದ ಎರಡು ಹಾಳೆ ಮಾಯ. ಹಿಂದಿನ ದಿನ ತಾಲೀಮಿನ ಕೋಣೆಯಿಂದ ಕೊನೆಗೆ ಹೊರಬಂದವಳು ಧನ್ಯಶ್ರೀ. ಅಷ್ಟಕ್ಕೇ ಕಳ್ಳಿ.

ಹುಲಿಗೆಮ್ಮನನ್ನೂ ಕೂರಿಸಿಕೊಂಡು ಕಾಲೇಜಿಗೆ ಹೋದೆವು. ದಾಕ್ಷಾಯಣಮ್ಮ ಮೂಲ ಪುಸ್ತಕ ತಿರುವಿದರು. ಅರವತ್ತು ಹಾಳೆ, ಒಂದಕ್ಕೂ ಪುಟಸಂಖ್ಯೆ ಇಲ್ಲ.

“ಹೋದ ಹಾಳೇಲಿ ಏನು ಪದ ಇತ್ತು?”

“ಈ ಪುಸ್ತಕದಲ್ಲಿ ಎಲ್ಲೂ ಪದ ಇಲ್ಲ ಮೇಡಂ, ಬರೀ ಸ್ವರದ ಗುರುತು,” ಎಂದ ರಾಜಶೇಖರ್. “ಹಳೇ ಕಾಲದ ಪದ್ಧತಿ ಇಟ್ಕೊಂಡಿದೀವಿ. ಒಂದೊಂದು ದನಿಯವರಿಗೆ ಅವರವರ ಸಾಲಿನ ಪುಸ್ತಕ ಮಾತ್ರ. ಪೂರ್ತಿ ಹಾಡು ಇರೋದು ಇದರಲ್ಲೇ.”

“ನಿನ್ನ ಪುಸ್ತಕ ಎಲ್ಲಮ್ಮ?”

“ನಂಗಿಲ್ಲ ಮೇಡಂ,” ಎಂದಳು ಧನ್ಯಶ್ರೀ. “ಆ ಚುಕ್ಕಿ ಗೆರೆ ಓದಕ್ಕೆ ನಂಗೆ ಬರಲ್ಲ.”

ಓದಲು ಬರುತ್ತಿದ್ದುದು ಇಬ್ಬರಿಗೇ: ರಾಜಶೇಖರನಿಗೆ ಮತ್ತು ಅಶ್ವಿನಿ ಎಂಬ ಹುಡುಗಿಗೆ. ಉಳಿದವರು ತಮ್ಮ ತಮ್ಮ ಪುಸ್ತಕದಲ್ಲಿ ಬರೆದುಕೊಂಡ ಪದ ನೋಡಿಕೊಂಡು ಹಾಡುತ್ತಿದ್ದರು. ಅಶ್ವಿನಿಯ ಕೈಯಲ್ಲಿ ಹೊಸ ಹಾಳೆಯಿತ್ತು.

“ಸರ್ ಈಗ ಬರ್ಕೊಟ್ರು. ನಾನು ಹಾಡ್ಬೇಕು ಅಂತ ಇವತ್ತೇ ಗೊತ್ತಾಗಿದ್ದು.”

ದಾಕ್ಷಾಯಣಮ್ಮ ಅವಳಿಂದ ಹಾಡಿಸಿದರು. ನಡುವೆ ನಾಲ್ಕು ಎಣಿಕೆ ಮೌನ.

“ಇಲ್ಲಿ ಯಾಕೆ ನಿಲ್ಲಿಸಿದ್ರಿ ರಾಜಶೇಖರ್?”

“ಸೌಂದರ್ಯಕ್ಕೆ ಮೇಡಂ.”

ಸೆಕೆಗೆ ನಾನು ಗಾಳಿ ಹಾಕಿಕೊಳ್ಳುತ್ತಿದ್ದದ್ದು ಕಾರ್ಯಕ್ರಮದ ಮುದ್ರಿತ ಕಾಗದದಿಂದ. ಕಡೂರಿನ ಪ್ರೆಸ್ಸಿನಿಂದ ಹಿಂದಿನ ದಿನದ ಬಸ್ಸಿಗೆ ಬಂದ ಕಟ್ಟು. ದಾಕ್ಷಾಯಣಮ್ಮ ಅದನ್ನು ಕಿತ್ತುಕೊಂಡು ಓದಿ, “ನಾಲ್ಕಕ್ಕೆ ಎಲ್ಲರನ್ನೂ ಸೇರಿಸು,” ಎಂದರು.

ಸಣ್ಣ ಕೋಣೆಯಲ್ಲಿ ಏಳು ಜನ ಸೇರಿದೆವು. ಕಾಲೇಜಿನ ಕಾರ್ಯದರ್ಶಿ ರೇಣುಕಪ್ರಸಾದ್ ಗಡಿಯಾರ ನೋಡುತ್ತಿದ್ದರು. ದಾಕ್ಷಾಯಣಮ್ಮ ಶುರು ಮಾಡಿದರು.

“ಪದವಿಲ್ಲದ, ಸಂಖ್ಯೆಯಿಲ್ಲದ ಅರವತ್ತು ಹಾಳೇಲಿ ಆ ಎರಡನ್ನೇ ಆರಿಸಿ ಕೀಳ್ಬೇಕಾದ್ರೆ ಗುರುತು ಓದಕ್ಕೆ ಬರ್ಬೇಕು. ಧನ್ಯಶ್ರೀಗೆ ಬರಲ್ಲ. ಉಳಿದವರು ಇಬ್ರು. ನಿನ್ನೆ ಬಂದ ಈ ಕಾಗದದಲ್ಲಿ ಒಂಟಿದನಿ ಅಶ್ವಿನಿ ಅಂತ ಅಚ್ಚಾಗಿದೆ. ಹಾಳೆ ಹೋಗಿದ್ದು ಗೊತ್ತಾಗಿದ್ದು ಇವತ್ತು. ಪ್ರೆಸ್ಸಿಗೆ ಬರೆದು ಕೊಟ್ಟೋರು ಯಾರು?”

“ರಾಜಶೇಖರೇ,” ಎಂದರು ರೇಣುಕಪ್ರಸಾದ್, ನಿಧಾನವಾಗಿ.

“ಹುಲಿಗೆಮ್ಮ, ಆ ನಡುವೆ ಯಾಕೆ ನಿಲ್ಲಿಸ್ತಾರೆ?”

“ನಮ್ ಕುರಿ ಕರಿಯೋ ಕೂಗಲ್ವ ಅದು? ಅರ್ಧ ಕೂಗಿ ಸುಮ್ನಾಗ್ಬೇಕು. ಮುಂದೆ ಹೋಗೋ ಕುರಿ ಕತ್ತಿನ ಗಂಟೆ ಯಾವ ಕಡೆ ಅಂತ ಕೇಳ್ಬೇಕಲ್ಲ. ಕೇಳ್ದಿದ್ರೆ ಉಳ್ದರ್ಧ ಯಾರ್ಗೆ ಕೂಗ್ಲಿ?”

ರಾಜಶೇಖರ್ ಚೀಲದಿಂದ ಎರಡು ಹಾಳೆ ತೆಗೆದಿಟ್ಟ. ಒಂದರ ಬೆನ್ನಿಗೆ, ಮೂಲೆಯಲ್ಲಿ ಸಣ್ಣದಾಗಿ ಅವನದೇ ಅಕ್ಷರ: ‘ಯಗಟಿಯ ಹುಲಿಗೆಮ್ಮನ ಕೂಗು. ಮೊಮ್ಮಗಳಿಂದ ಕೇಳಿ ಬರೆದದ್ದು.’

“ಇವತ್ತು ಬರೋ ಅತಿಥಿಗಳು ಈ ಪುಸ್ತಕಾನ ಪ್ರಶಸ್ತಿಗೆ ತಗೊಂಡು ಹೋಗ್ತಾರೆ ಅಂತ ಈ ಕಾಗದದಲ್ಲೇ ಇದೆ,” ಎಂದರು ದಾಕ್ಷಾಯಣಮ್ಮ. “ಮುದುಕಿ ಹೆಸರೂ ಇರಬಾರ್ದು, ಹೇಳೋಕೆ ಮೊಮ್ಮಗಳೂ ಇರಬಾರ್ದು.”

“ತಪ್ಪಾಯ್ತು,” ಎಂದ.

“ಬಾಮ್ಮ, ನೀನೇ ಹಾಡು,” ಎಂದರು ರೇಣುಕಪ್ರಸಾದ್.

“ಕಳ್ಳಿ ಅಂತ ಮೈಕಲ್ಲಿ ಅಂದ್ರಿ. ಅಲ್ಲ ಅಂತಾನೂ ಮೈಕಲ್ಲೇ ಹೇಳಿ ಸರ್. ಆಮೇಲೆ ಹಾಡ್ತೀನಿ,” ಎಂದಳು ಧನ್ಯಶ್ರೀ.

“ಅತಿಥಿಗಳು ಬಂದವ್ರೆ. ಕಾಲೇಜಿನ ಮರ್ಯಾದೆ ನೋಡ್ಬೇಕಲ್ಲ. ಒಂದು ಪತ್ರ ಕೊಡ್ತೀವಿ.”

“ನಿಮ್ಮ ಮರ್ಯಾದೆಗೆ ಬೆಂಕಿ ಹಾಕ!” ಎಂದೆ ನಾನು. ದಾಕ್ಷಾಯಣಮ್ಮ ತಡೆಯಲಿಲ್ಲ. ಧನ್ಯಶ್ರೀ ಅಜ್ಜಿಯ ಕೈ ಹಿಡಿದು ಬಸ್ಸಿಗೆ ನಡೆದಳು.

‘ಹುಲ್ಲುಗಾವಲು’ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹಾಡಿದರು. ಹಾಡಿಸಿದವನು ರಾಜಶೇಖರನೇ. ವಾರ ಕಳೆದ ಮೇಲೆ ಅಜ್ಜಂಪುರದ ಹೋಟೆಲಿನಲ್ಲಿ ಮುದ್ದಪ್ಪ ಕಾಫಿ ಕೊಡುತ್ತಾ ಕೇಳಿದ:

“ಏನ್ ಶಿವಣ್ಣ, ಕಾಲೇಜಲ್ಲಿ ಕದ್ದ ಯಗಟಿ ಹುಡುಗೀನ ನಿಮ್ ಮೇಡಮ್ಮನೇ ಹಿಡಿದ್ರಂತಲ್ಲ?”